ಮೈಕು ನ್ಯಾಯಾಧೀಶನಾದ ದಿನ

ಬೆಳಿಗ್ಗೆ ಅರ್ಧ ಗಡ್ಡ ಹೆರೆದುಕೊಂಡು, ಕನ್ನಡಿಯ ಮುಂದೆ ನಿಂತು ವಕೀಲರು "ಸ್ವಾಮಿ" ಎಂದು ಹೇಳಿ ನೋಡಿದರು. ಸರಿಬರಲಿಲ್ಲ. ಇನ್ನೊಮ್ಮೆ ಸ್ವಲ್ಪ ಬಾಗಿ ಹೇಳಿದರು. ಈ ಸಲ ಬ್ಲೇಡು ಕೆನ್ನೆಗೆ ತಗುಲಿತು.

ಇಪ್ಪತ್ತೆಂಟು ವರ್ಷಗಳಿಂದ ದಿನಕ್ಕೆ ನೂರು ಸಲ ಹೇಳಿಕೊಂಡು ಬಂದ ಪದ ಅದು. ಊರಿಗಿದ್ದ ಒಂದೇ ನ್ಯಾಯಾಲಯಕ್ಕೆ ಬಂದುಹೋದ ಎಲ್ಲ ನ್ಯಾಯಾಧೀಶರಿಗೂ ಹೇಳಿದ್ದರು. ಪೀಠದಲ್ಲೇ ತೂಕಡಿಸುತ್ತಿದ್ದವರಿಗೂ ಹೇಳಿದ್ದರು. ಆದರೆ ಇವತ್ತು ಆ ಪೀಠಕ್ಕೆ ಬರುತ್ತಿದ್ದವನು ಮೈಕು.

ಮೈಕು ಅವರ ಕಾನೂನು ಕಾಲೇಜಿನ ಸಹಪಾಠಿ. ಭಾಷಣದ ಮೈಕು ಕೈಗೆ ಸಿಕ್ಕರೆ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ಓದಿನಲ್ಲಿ ಯಾವಾಗಲೂ ವಕೀಲರಿಗಿಂತ ಎರಡು ಮೆಟ್ಟಿಲು ಕೆಳಗೆ. ಕರಿಕೋಟು ಹಾಕಿದ ಎರಡೇ ವರ್ಷಕ್ಕೆ ಅದನ್ನು ಕಳಚಿಟ್ಟು ಚುನಾವಣೆಗೆ ನಿಂತ, ಗೆದ್ದ. ಮತ್ತೆ ಗೆದ್ದು ಮಂತ್ರಿಯಾದ. ಮೂರನೆಯ ಸಲ ಪಕ್ಷ ಬದಲಾಯಿಸಿ ಸೋತಾಗ ವಕೀಲರು ಮನೆಗೆ ಸಿಹಿ ತಂದು, ಕಾರಣ ಕೇಳಿದ ಹೆಂಡತಿಗೆ "ಸುಮ್ಮನೆ" ಎಂದಿದ್ದರು. ಸೋತವನು ತೆಪ್ಪಗೆ ಮನೆಯಲ್ಲಿ ಕೂರಬಾರದೇ? ಹಳೆಯ ಕೋಟು ಕೊಡವಿ ಹಾಕಿಕೊಂಡು, ದೂರದ ದೊಡ್ಡ ನ್ಯಾಯಾಲಯದಲ್ಲಿ ಹತ್ತು ವರ್ಷ ವಾದ ಮಾಡಿ, ಈಗ ನ್ಯಾಯಾಧೀಶನಾಗಿ ಸ್ವಂತ ಊರಿಗೇ ಬಂದಿದ್ದ. ಅದೇ ಹುದ್ದೆಗೆ ವಕೀಲರು ಎರಡು ಸಲ ಅರ್ಜಿ ಹಾಕಿ, ಎರಡು ಸಲವೂ ಉತ್ತರ ಕಾಣದೆ ಉಳಿದಿದ್ದರು.

ಹೆಂಡತಿ ಪತ್ರಿಕೆ ಹಿಡಿದು ಬಂದಳು. "ಫೋಟೋ ಚೆನ್ನಾಗಿ ಬಂದಿದೆ ನೋಡಿ. ನಿಮ್ಮ ವಾರಗೆಯವರು ಅಂದ್ರೆ ಯಾರೂ ನಂಬಲ್ಲ."

ವಕೀಲರ ಹೊಟ್ಟೆಯೊಳಗೆ ಒಲೆಯ ಮೇಲೆ ಮರೆತ ಪಾತ್ರೆಯಂತೆ ಏನೋ ಸೀಯತೊಡಗಿತು.

ಅಷ್ಟರಲ್ಲಿ ಕೆಳಗಿನ ಮನೆಯ ಫೋಟೋ ಸ್ಟುಡಿಯೋದವರು ಮೆಟ್ಟಿಲು ಹತ್ತಿ ಬಂದರು. ನಲವತ್ತು ವರ್ಷಗಳಿಂದ ಊರಿನ ಪ್ರತಿ ಮದುವೆಯನ್ನೂ ಪ್ರತಿ ಭಾಷಣವನ್ನೂ ತೆಗೆದ ಮನುಷ್ಯ. ಕೈಯಲ್ಲಿ ಹಳದಿಯಾದ ಪತ್ರಿಕೆಯ ತುಣುಕು. ಮೈಕುವಿನ ಮೊದಲ ಚುನಾವಣೆಯ ಈ ಚಿತ್ರ ತೆಗೆದದ್ದು ತಾವೇ ಎಂದೂ, ಚೌಕಟ್ಟು ಹಾಕಿಸಿ ಹೊಸ ನ್ಯಾಯಾಧೀಶರಿಗೆ ಕೊಡಬೇಕೆಂದಿರುವುದಾಗಿಯೂ ಹೇಳಿದರು.

ವಕೀಲರು ತುಣುಕನ್ನು ಕಣ್ಣಿನ ಹತ್ತಿರ ಹಿಡಿದರು. ಸುರಿಯುವ ಮಳೆ, ತೆರೆದ ಜೀಪು, ಅದರ ಮೇಲೆ ಬಾಯಿ ತೆರೆದ ಮೈಕು. ಪಕ್ಕದಲ್ಲಿ ಪೋಸ್ಟರಿನ ಕಟ್ಟು ಹೊತ್ತು ನಿಂತವನು ಅದನ್ನು ಅಚ್ಚು ಹಾಕಿದ ಪ್ರೆಸ್ಸಿನವನು. ಇವತ್ತು ಮಧ್ಯಾಹ್ನ ವಿಚಾರಣೆಗೆ ಬರುವ ಪ್ರತಿವಾದಿಯೂ ಅವನೇ. ತನ್ನ ಕಿಟಕಿಗೆ ಅಡ್ಡಲಾಗಿ ಪ್ರೆಸ್ಸಿನ ಬೋರ್ಡು ಹಾಕಿ ಬೆಳಕು ತಡೆದಿದ್ದಾನೆಂದು ದರ್ಜಿಯೊಬ್ಬ ಅವನ ಮೇಲೆ ವ್ಯಾಜ್ಯ ಹೂಡಿದ್ದ. ದರ್ಜಿಯ ವಕೀಲರು ಇವರೇ.

ಮೈಕುವನ್ನು ಮೊದಲ ದಿನವೇ ಪೀಠದಿಂದ ಇಳಿಸುವ ದಾರಿ ಕಣ್ಣೆದುರು ನಿಂತಿತ್ತು.

"ಇದರ ನೆಗೆಟಿವ್ ಇದೆಯಾ?"

"ಇದೆ ಸಾರ್. ಪತ್ರಿಕೆಯವರು ಹಾಕಿದಷ್ಟೇ ಪ್ರಿಂಟ್ ಹಾಕ್ಲಾ, ಪೂರ್ತಿ ಹಾಕ್ಲಾ?"

"ಪೂರ್ತಿ ಹಾಕಿ. ಬಾಗಿಲಿನಷ್ಟು ದೊಡ್ಡದಿರಲಿ."

ಹತ್ತು ಗಂಟೆಗೆ ವಕೀಲರು ಆಕ್ಷೇಪಣಾ ಅರ್ಜಿ ಬರೆದರು. 'ಚುನಾವಣೆಯಲ್ಲಿ ಅಭ್ಯರ್ಥಿಯ ಪಕ್ಕದಲ್ಲಿ ನಿಂತು ದುಡಿದವರ ಯಾವ ವ್ಯಾಜ್ಯವನ್ನೂ ಆ ಅಭ್ಯರ್ಥಿಯೇ ನ್ಯಾಯಾಧೀಶನಾಗಿ ವಿಚಾರಿಸಕೂಡದು' ಎಂಬ ವಾಕ್ಯ ಅವರಿಗೇ ಎಷ್ಟು ಹಿಡಿಸಿತೆಂದರೆ, ಬೆರಳಚ್ಚು ಮಾಡುವಾಕೆಗೆ ಹೇಳಿ ಅದರಡಿಗೆ ಗೆರೆ ಎಳೆಸಿದರು. ದರ್ಜಿ ಮಾತ್ರ ಕಸಿವಿಸಿಗೊಂಡ. ವ್ಯಾಜ್ಯ ಹೇಗೂ ನಮ್ಮ ಕಡೆಗೇ ಇದೆ ಅಂದಿದ್ದಿರಲ್ಲ, ಮತ್ತೆ ಈ ರಗಳೆ ಯಾಕೆ ಎಂದು ಕೇಳಿದ. ನಿನಗೆ ಕಾನೂನು ಅರ್ಥವಾಗುವುದಿಲ್ಲ ಎಂದು ವಕೀಲರು ಬಾಯಿ ಮುಚ್ಚಿಸಿದರು.

ನ್ಯಾಯಾಲಯದ ಮೆಟ್ಟಿಲ ಮೇಲೆ ಸಹೋದ್ಯೋಗಿಗಳು ಮುತ್ತಿಕೊಂಡರು. ಸ್ನೇಹಿತರೇ ಪೀಠದಲ್ಲಿರುವಾಗ ಇನ್ನು ನಿಮ್ಮದೇ ಕಾಲ ಎಂದು ಒಬ್ಬರು ಬೆನ್ನು ತಟ್ಟಿದರು. ತಮ್ಮ ಅಳಿಯನ ಬಗ್ಗೆ ಒಂದು ಮಾತು ಹೇಳಿ ಎಂದು ಇನ್ನೊಬ್ಬರು ಕಿವಿ ಕಚ್ಚಿದರು. ಪ್ರತಿ ತಟ್ಟಿಗೂ ವಕೀಲರ ಉರಿ ಒಂದು ಗೇಣು ಏರಿತು.

ಸ್ಟುಡಿಯೋದವರು ಚಿತ್ರ ತಂದದ್ದು ವಿಚಾರಣೆ ಕರೆದ ಮೇಲೆ. ಇನ್ನೂ ಹಸಿ ಇತ್ತು, ಸುರುಳಿ ಸುತ್ತಿತ್ತು. ಬಿಡಿಸಿ ನೋಡಲು ಪುರಸೊತ್ತಿರಲಿಲ್ಲ.

ಮೈಕು ಪೀಠದಿಂದ ವಕೀಲರನ್ನು ನೋಡಿ ಮುಗುಳ್ನಕ್ಕ. ಆ ನಗು ವಕೀಲರಿಗೆ ತಡೆಯಲಾಗಲಿಲ್ಲ. 'ಸ್ವಾಮಿ'ಯನ್ನು ಕೆಮ್ಮಿನಲ್ಲಿ ಮುಗಿಸಿ, ಅರ್ಜಿಯನ್ನು ಗಟ್ಟಿಯಾಗಿ ಓದಿ, ಚಿತ್ರ ಬಿಡಿಸಲು ಹೇಳಿದರು. ಒಂದು ತುದಿಯನ್ನು ಜವಾನ ಹಿಡಿದ, ಇನ್ನೊಂದನ್ನು ದರ್ಜಿ, ಬಟ್ಟೆಯ ಥಾನು ಬಿಡಿಸುವವನ ಸಲೀಸಿನಲ್ಲಿ ಎಳೆಯುತ್ತ ಹೋದ.

ಮೊದಲು ಪ್ರೆಸ್ಸಿನವನು ಬಂದ. ಆಮೇಲೆ ಮೈಕು. ಆಮೇಲೆ, ಪತ್ರಿಕೆಯವರು ಕತ್ತರಿಸಿ ಬಿಟ್ಟಿದ್ದ ಭಾಗದಲ್ಲಿ, ಮೈಕುವಿನ ತಲೆಯ ಮೇಲೆ ಛತ್ರಿ ಹಿಡಿದು, ತಾನು ಮಾತ್ರ ತೊಪ್ಪೆಯಾಗಿ, ಹಲ್ಲು ಕಿರಿಯುತ್ತ ನಿಂತ ಒಬ್ಬ ಯುವಕ ಬಂದ.

ನ್ಯಾಯಾಲಯವೆಲ್ಲ ಒಮ್ಮೆ ಚಿತ್ರವನ್ನೂ ಒಮ್ಮೆ ವಕೀಲರನ್ನೂ ನೋಡಿತು. ಮೈಕು ಗೆದ್ದರೆ ಸರ್ಕಾರಿ ವಕೀಲನ ಹುದ್ದೆ ಸಿಗಬಹುದೆಂದು ತಾವು ಆರು ದಿನ ಛತ್ರಿ ಹಿಡಿದದ್ದು, ಹುದ್ದೆ ಇನ್ಯಾರಿಗೋ ಹೋದದ್ದು, ಆ ಅವಮಾನವನ್ನು ಮರೆತೇಬಿಡಬೇಕೆಂದು ಪಣ ತೊಟ್ಟು ನಿಜವಾಗಿಯೂ ಮರೆತದ್ದು, ಎಲ್ಲ ವಕೀಲರಿಗೆ ಒಟ್ಟಿಗೇ ನೆನಪಾಯಿತು.

ಮೈಕು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಪ್ರತಿವಾದಿ ನನ್ನ ಪೋಸ್ಟರ್ ಮುದ್ರಿಸಿದ್ದು ನಿಜ. ಎಲ್ಲದರಲ್ಲೂ ನನ್ನ ಹೆಸರು ತಪ್ಪಾಗಿತ್ತು. ಆದ್ದರಿಂದ ಅವರ ಮೇಲೆ ನನಗೆ ಒಲವಿದೆ ಅಂತ ಯಾರೂ ಹೇಳಲಾರರು. ಆದರೆ ಛತ್ರಿ ಹಿಡಿದವರ ಋಣ ಬೇರೆ. ಅರ್ಜಿಯಲ್ಲಿ ಗೆರೆ ಎಳೆದಿರುವ ವಾಕ್ಯವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇಂದಿನಿಂದ ಈ ವಕೀಲರು ಹಾಜರಾಗುವ ಯಾವ ವ್ಯಾಜ್ಯವನ್ನೂ ನಾನು ವಿಚಾರಿಸುವುದಿಲ್ಲ. ಸ್ವಂತ ಹೊಟ್ಟೆಪಾಡನ್ನೂ ಲೆಕ್ಕಿಸದೆ ಸತ್ಯವನ್ನು ಇಷ್ಟು ದೊಡ್ಡದಾಗಿ ತಂದು ತೋರಿಸಿದ್ದಕ್ಕೆ ನ್ಯಾಯಾಲಯ ಅವರನ್ನು ಅಭಿನಂದಿಸುತ್ತದೆ."

ದರ್ಜಿ ಸುರುಳಿಯ ತುದಿಯನ್ನು ಅಲ್ಲೇ ಬಿಟ್ಟು, ವಕೀಲರ ಕೈಯಿಂದ ಕಡತ ತೆಗೆದುಕೊಂಡು ಪಕ್ಕದ ವಕೀಲರಿಗೆ ಕೊಟ್ಟ. ಮೂರು ಗಂಟೆಗೆ ಮೈಕು ಸ್ವತಃ ಹೋಗಿ ಕಿಟಕಿ ನೋಡಿದ. ನಾಲ್ಕಕ್ಕೆ ಬೋರ್ಡು ಇಳಿಸಬೇಕೆಂದು ತೀರ್ಪು ಕೊಟ್ಟ.

ಐದು ಗಂಟೆಯ ಹೊತ್ತಿಗೆ ವಕೀಲರ ಮೇಜಿನ ಮುಂದೆ ಕಕ್ಷಿದಾರರ ಸಾಲು ನಿಂತಿತ್ತು. ಒಬ್ಬೊಬ್ಬರೇ ತಂತಮ್ಮ ಕಡತ ಕೇಳಿ ಪಡೆದುಕೊಂಡು ಹೋದರು. ಕೊನೆಯಲ್ಲಿ ಉಳಿದವಳು ಹನ್ನೊಂದು ವರ್ಷಗಳಿಂದ ಬೇಲಿಯ ತಕರಾರಿಗೆ ಓಡಾಡುತ್ತಿದ್ದ ಅಜ್ಜಿ.

"ನೀವು ಇಷ್ಟು ವರ್ಷ ಇಲ್ಲೇ ಇದ್ದೀರಿ. ಯಾರು ಒಳ್ಳೆ ವಕೀಲರು ಅಂತ ನಿಮಗೆ ಗೊತ್ತಿರುತ್ತೆ. ಒಂದು ಹೆಸರು ಬರ್ಕೊಡಿ ಮಗಾ," ಎಂದಳು.

ವಕೀಲರು ಲೇಖನಿ ಹಿಡಿದು ಯೋಚಿಸಿದರು. ಸಹೋದ್ಯೋಗಿಗಳ ಮುಖಗಳು ಒಂದೊಂದಾಗಿ ಬಂದವು. ಯಾರ ಹೆಸರನ್ನು ಬರೆಯಹೊರಟರೂ ಅವನಿಗೆ ಈ ವ್ಯಾಜ್ಯ ಸಿಕ್ಕೀತೆಂಬ ಉರಿಗೆ ಕೈ ಮುಂದೆ ಹೋಗಲಿಲ್ಲ. ಕಡೆಗೆ, ಇಡೀ ಊರಿನಲ್ಲಿ ಅತ್ಯಂತ ನಿಷ್ಪ್ರಯೋಜಕ ವಕೀಲ ಯಾರೆಂದು ಹುಡುಕಿ, ಸಮಾಧಾನದಿಂದ ಅವನ ಹೆಸರು ಬರೆದುಕೊಟ್ಟರು.

ಅಜ್ಜಿ ಚೀಟಿಯನ್ನು ದೂರ ಹಿಡಿದು ಓದಿದಳು.

"ಇವರಾ? ಮೊದಲು ಇವರ ಹತ್ರಾನೇ ಹೋಗಿದ್ದೆ ಮಗಾ. ಇದೇ ಥರ ಯೋಚನೆ ಮಾಡಿ ಮಾಡಿ, ನಿಮ್ಮ ಹೆಸರು ಬರ್ಕೊಟ್ಟಿದ್ರು."