ಹೊಟ್ಟೆಯೊಳಗಿನ ಅಕ್ರಮ ಪೈಪು

ಅನುಮತಿ ಇಲ್ಲದೆ ಪೈಪು ಜೋಡಿಸಿಕೊಂಡ ತಪ್ಪಿಗೆ ನನ್ನ ಮೊಮ್ಮಗುವಿಗೆ ಏಳನೇ ತಿಂಗಳಲ್ಲಿ ನೋಟಿಸು ಬಂತು. ಹುಟ್ಟಿ ಏಳು ತಿಂಗಳಲ್ಲ, ಹೊಟ್ಟೆಯೊಳಗೆ ಏಳು ತಿಂಗಳು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ನಾವಿನ್ನೂ ಕುಲಾವಿಗೆ ಬಟ್ಟೆಯನ್ನೂ ತಂದಿರಲಿಲ್ಲ.

ನಡೆದದ್ದು ಇಷ್ಟು. ನನ್ನ ಮಗ ಊರಿನ ನೀರಿನ ಕಚೇರಿಯಲ್ಲಿ ಪೈಪು ಜೋಡಿಸುವವನು. ಸೊಸೆಯನ್ನು ತೋರಿಸೋಕೆ ಆಸ್ಪತ್ರೆಗೆ ಹೋದಾಗ, ಒಳಗಿರೋ ಮಗು ಉಸಿರಾಟಕ್ಕೆ ಏನು ಏರ್ಪಾಡು ಮಾಡಿಕೊಳ್ಳುತ್ತೆ ಅಂತ ಡಾಕ್ಟರಮ್ಮನನ್ನು ಕೇಳಿದ. ಅವರು ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. ಮೊದಲ ತಿಂಗಳಲ್ಲೇ ಅನ್ನದ ಕೊಳವೆಯಿಂದ ಒಂದು ಮೊಗ್ಗು ಹೊರಡುತ್ತದಂತೆ. ಆ ಮೊಗ್ಗು ಎರಡಾಗುತ್ತದೆ. ಬಲಗಡೆ ಮೂರು ಕವಲು, ಎಡಗಡೆ ಎರಡೇ, ಅಲ್ಲಿ ಗುಂಡಿಗೆಗೆ ಜಾಗ ಬಿಡಬೇಕಲ್ಲ. ಆಮೇಲೆ ಕವಲಿಗೆ ಕವಲು, ಮರದ ಕೊಂಬೆ ಹಾಗೆ.

ಅಪ್ಪನ ಕಸುಬು ಮಗುವಿಗೆ ಹೊಟ್ಟೆಯೊಳಗೇ ಬಂತಲ್ಲ ಅಂತ ನನ್ನ ಮಗನಿಗೆ ಹಿಗ್ಗು. ಆ ಹಾಳೆಯನ್ನು ಕಚೇರಿಗೆ ಒಯ್ದು, ಕಂಡವರಿಗೆಲ್ಲ ತೋರಿಸಿ, ಟೀಗೆ ಹೋಗುವಾಗ ನಕ್ಷೆ ಮೇಜಿನ ಮೇಲೆ ಬಿಟ್ಟು ಹೋದ. ನಕ್ಷೆ ಮೇಜಿನ ಮೇಲೆ ಬಿದ್ದದ್ದೆಲ್ಲ ನಕ್ಷೆಯೇ. ಅವನು ಬಾಯಿ ಒರೆಸಿಕೊಂಡು ಬರೋ ಹೊತ್ತಿಗೆ ಹಾಳೆಗೆ ಮೊಹರು ಬಿದ್ದಿತ್ತು, ಪೈಪು ಇನ್ಸ್‌ಪೆಕ್ಟರು ಕೆಂಪು ಶಾಯಿಯಲ್ಲಿ 'ಅಕ್ರಮ' ಅಂತ ಬರೆದೂ ಆಗಿತ್ತು.

"ಸಾರ್, ಅದು ನನ್ನ ಮಗು," ಅಂದ ಮಗ.

"ನಮ್ಮ ಕಚೇರಿಯವರ ಮಗುವೇ ಹೀಗೆ ಮಾಡಿದರೆ ಹೊರಗಿನವರಿಗೆ ಏನಯ್ಯಾ ಹೇಳೋದು?" ಅಂದರು ಇನ್ಸ್‌ಪೆಕ್ಟರು.

ನೋಟಿಸು ಹೀಗಿತ್ತು: "ತಾವು ಅನ್ನದ ಮುಖ್ಯ ಕೊಳವೆಯಿಂದ ಪೂರ್ವಾನುಮತಿ ಇಲ್ಲದೆ ಕವಲು ತೆಗೆದು, ಸದರಿ ಕವಲನ್ನು ಪುನಃ ಪುನಃ ಕವಲೊಡೆಸಿರುವುದು ಕಂಡುಬಂದಿರುತ್ತದೆ. ಖುದ್ದು ಹಾಜರಾಗಿ ಸಕ್ರಮ ಮಾಡಿಸಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಸದರಿ ಕೊಳವೆಯನ್ನು ಬಂದ್ ಮಾಡಲಾಗುವುದು. ವಿಳಾಸ: ತಾಯಿಯ ಹೊಟ್ಟೆ."

ಸೊಸೆ 'ಬಂದ್' ಅನ್ನೋ ಕಡೆ ಬೆರಳಿಟ್ಟಳು. "ಅತ್ತೆ, ಬಂದ್ ಮಾಡಿದರೆ ಮಗು ಉಸಿರಾಡೋದು ಹೇಗೆ?"

"ಮೊದಲು ಊಟ ಮಾಡು. ಆಮೇಲೆ ಹೋಗಿ ಕೇಳೋಣ," ಅಂದೆ. ಅವಳ ತಟ್ಟೆ ಹಾಗೇ ಉಳಿಯಿತು.

ವಿಚಾರಣೆಗೆ ಡಾಕ್ಟರಮ್ಮನೂ ಬಂದರು. ನೀರಿನ ಕಚೇರಿಯ ದೊಡ್ಡ ಸಾಹೇಬರು ಕನ್ನಡಕ ಏರಿಸಿ, "ಆರೋಪಿ ಹಾಜರಿದ್ದಾರಾ?" ಅಂದರು.

"ಇದ್ದಾರೆ ಸಾರ್. ಒಳಗಿದ್ದಾರೆ," ಅಂದರು ಇನ್ಸ್‌ಪೆಕ್ಟರು, ಸೊಸೆಯ ಹೊಟ್ಟೆ ತೋರಿಸಿ.

"ಪೈಪಿನಲ್ಲಿ ಸದ್ಯ ಏನಿದೆ?"

"ನೀರು," ಅಂದರು ಡಾಕ್ಟರಮ್ಮ. "ಹುಟ್ಟೋವರೆಗೂ ಶ್ವಾಸಕೋಶದ ತುಂಬ ನೀರೇ. ಅದು ತಾನೇ ಒಸರಿಸಿಕೊಳ್ಳುತ್ತೆ."

"ಸ್ವಂತ ನೀರಾ? ಬೋರ್ ಕೊರೆಸಿದೆಯಾ?" ಇನ್ಸ್‌ಪೆಕ್ಟರು ಅದನ್ನು ಎರಡನೇ ತಪ್ಪು ಅಂತ ಬರೆದುಕೊಂಡರು. "ಗಾಳಿ ಪೈಪಿನಲ್ಲಿ ನೀರು ಹೇಗಮ್ಮಾ ಬರುತ್ತೆ?"

"ನೀವು ಹಾಕಿದ ನೀರಿನ ಪೈಪಿನಲ್ಲಿ ಗಾಳಿ ಬರಲ್ವಾ? ಹಾಗೇ," ಅಂದೆ ನಾನು.

ಸಾಹೇಬರು ಈ ಹೋಲಿಕೆಯನ್ನು ಒಪ್ಪಿ, ಎರಡನೇ ತಪ್ಪನ್ನು ಹೊಡೆದುಹಾಕಿಸಿದರು. ಮಗು ಆ ನೀರಿನಲ್ಲೇ ಎದೆ ಏರಿಸಿ ಇಳಿಸಿ ಉಸಿರಾಟ ಕಲಿಯುತ್ತಿದೆ ಅಂತ ಡಾಕ್ಟರಮ್ಮ ಹೇಳಿದಾಗ, "ಟ್ರಯಲ್," ಅಂತ ಮೆಚ್ಚಿ ತಲೆದೂಗಿದರು. ನಮಗೂ ಧೈರ್ಯ ಬಂತು. ಡಾಕ್ಟರಮ್ಮ ಅಲ್ಲಿಗೇ ನಿಲ್ಲಿಸಬಹುದಿತ್ತು. ಓದಿದವರು, ಬಾಯಿ ನಿಲ್ಲಬೇಕಲ್ಲ.

"ಕವಲಿನ ತುದಿಯಲ್ಲಿ ಸಣ್ಣ ಸಣ್ಣ ಗುಳ್ಳೆ ಬರ್ತವೆ ಸಾರ್. ಅದರೊಳಗೆ ಸೋಪಿನ ನೊರೆಯಂಥ ಲೇಪ ಬೇಕು. ಇಲ್ಲದಿದ್ದರೆ ಉಸಿರು ಬಿಟ್ಟಾಗ ಗುಳ್ಳೆ ಅಂಟಿಕೊಂಡುಬಿಡ್ತವೆ. ಅದು ಸಾಕಷ್ಟು ಆಗೋಕೆ ಇನ್ನೂ ಟೈಮಿದೆ."

"ಅಂದರೆ ಕಾಮಗಾರಿ ಮುಗಿದಿಲ್ಲ." ಸಾಹೇಬರು ಪೆನ್ನು ಕೆಳಗಿಟ್ಟರು. "ಮುಗಿಯದ್ದನ್ನು ಸಕ್ರಮ ಮಾಡೋ ಹಾಗಿಲ್ಲ. ಮುಗಿದ ಮೇಲೆ ನಾವೇ ಬಂದು, ನಿಯಮದ ಪ್ರಕಾರ ಒಮ್ಮೆ ಬಂದ್ ಮಾಡಿ, ಆಮೇಲೆ ತೆರೆದು ಉದ್ಘಾಟನೆ ಮಾಡ್ತೀವಿ. ಅಲ್ಲಿವರೆಗೂ ಉಸಿರಾಡಬಾರದು."

"ಎಷ್ಟು ಹೊತ್ತು ಬಂದ್ ಮಾಡ್ತೀರಿ ಸಾರ್?" ಅಂತ ಸೊಸೆ ಮೆಲ್ಲಗೆ ಕೇಳಿದಳು.

"ಹೆಚ್ಚೇನಿಲ್ಲಮ್ಮ. ಎರಡು ದಿನ."

ದಾರಿಯುದ್ದಕ್ಕೂ ಅವಳು ಹೊಟ್ಟೆ ಮೇಲಿಂದ ಕೈ ತೆಗೆಯಲಿಲ್ಲ. ಮಗನಂತೂ ತನ್ನ ಸ್ಪ್ಯಾನರುಗಳನ್ನೆಲ್ಲ ಅಟ್ಟದ ಮೇಲೆ ಎಸೆದ.

ಮೊಮ್ಮಗಳು ದಿನ ತುಂಬಿಸಿಕೊಂಡೇ ಹುಟ್ಟಿದಳು. ಸಾಹೇಬರಿಗೆ ಕಾಯಲಿಲ್ಲ. ಒಳಗಿನ ನೀರನ್ನೆಲ್ಲ ಎತ್ತಲೋ ಸಾಗಹಾಕಿ, ಗಾಳಿ ಎಳೆದುಕೊಂಡು, ಆಸ್ಪತ್ರೆಯ ಗಾಜು ಅದುರುವ ಹಾಗೆ ಅತ್ತಳು. ಆ ದನಿ ಕೇಳಿ ನನಗೂ ಹೋದ ಉಸಿರು ಬಂತು. ಸೊಸೆ ಹಾಸಿಗೆಗೆ ಬಂದು ಮಗಳನ್ನು ಎದೆಗೊತ್ತಿಕೊಂಡಳೋ ಇಲ್ಲವೋ, ಸಾಹೇಬರು ರಿಬ್ಬನ್ನು ಹಿಡಿದು, ಇನ್ಸ್‌ಪೆಕ್ಟರು ಸ್ಪ್ಯಾನರು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನರ್ಸಮ್ಮ, "ಕೈ ತೊಳ್ಕೊಂಡು ಬನ್ನಿ," ಅಂದಳು. ಇಬ್ಬರೂ ತೊಳೆದರು, ಸ್ಪ್ಯಾನರನ್ನೂ ತೊಳೆದರು.

"ಬಳಕೆ ಶುರುವಾಗಿಬಿಟ್ಟಿದೆ," ಅಂದರು ಸಾಹೇಬರು, ಬೇಸರದಿಂದ. "ಬಂದ್ ಮಾಡಿ."

ಇನ್ಸ್‌ಪೆಕ್ಟರು ಬಗ್ಗಿ ಮಗುವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು. "ವಾಲ್ವು ಎಲ್ಲಿಟ್ಟಿದ್ದಾರೋ ಗೊತ್ತಾಗ್ತಿಲ್ಲ ಸಾರ್."

ಸೊಸೆ ನನ್ನ ಮುಖ ನೋಡಿದಳು. ನಾನು ಅಡ್ಡ ಹೋಗಿ ನಿಂತೆ. "ಅಲ್ಲ ಸಾಹೇಬ್ರೇ, ಬಂದ್ ಆಯ್ತು ಅಂತ ನಿಮಗೆ ಗೊತ್ತಾಗೋದು ಹೇಗೆ?"

"ಶಬ್ದ ನಿಲ್ಲಬೇಕು. ನಲ್ಲಿಯಾದರೂ ಅಷ್ಟೇ."

"ಅಷ್ಟೇ ತಾನೆ? ಲೇ ಹುಡುಗಿ, ಹಾಲು ಕೊಡು."

ಅವಳು ಸೆರಗು ಮರೆ ಮಾಡಿಕೊಂಡು ಹಾಲು ಕೊಟ್ಟಳು. ಅಳು ನಿಂತಿತು. ಸಾಹೇಬರು ಗೋಡೆ ಕಡೆ ತಿರುಗಿ, ಕಿವಿಗೊಟ್ಟು, "ಕಡಿತಗೊಳಿಸಲಾಗಿದೆ," ಅಂದರು. ಇನ್ಸ್‌ಪೆಕ್ಟರು ಬರೆದುಕೊಂಡರು. "ಎರಡು ದಿನ ಸಾರ್?" ಅಂದರು.

"ಎರಡು ದಿನ ಅಂತ ಬರ್ಕೊಳ್ರೀ, ಸಾಕು."

ಹೊಟ್ಟೆ ತುಂಬಿದ ಮೇಲೆ ಮಗು ಮತ್ತೆ ಅತ್ತಿತು. "ಮರುಸಂಪರ್ಕ," ಅಂತ ಸಾಹೇಬರು ರಿಬ್ಬನ್ನು ಕತ್ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕಾಮಗಾರಿ ಪೂರ್ಣಗೊಂಡ ಪತ್ರಕ್ಕೆ ಸಾಹೇಬರು ಸಹಿ ಹಾಕುತ್ತಿರುವಾಗ ಡಾಕ್ಟರಮ್ಮ ಮತ್ತೆ ಬಾಯಿ ಬಿಟ್ಟರು. ಗುಳ್ಳೆಗಳು ಹುಟ್ಟಿದ ಮೇಲೂ ವರ್ಷಗಟ್ಟಲೆ ಹೊಸದಾಗಿ ಬರುತ್ತಲೇ ಇರುತ್ತವಂತೆ. ಸಾಹೇಬರ ಪೆನ್ನು ಅರ್ಧ ಸಹಿಯಲ್ಲೇ ನಿಂತಿತು. ಕಾಮಗಾರಿ ನಡೆಯುವ ಜಾಗದಲ್ಲಿ ಕಚೇರಿಯವರು ಒಬ್ಬರು ಇರಲೇಬೇಕು ಅನ್ನೋದು ನಿಯಮ.

ಹಾಗಾಗಿ ಇನ್ಸ್‌ಪೆಕ್ಟರನ್ನು ನಮ್ಮ ಮನೆಗೇ ಹಾಕಿದ್ದಾರೆ. ಬೆಳಿಗ್ಗೆ ಬಂದು ತೊಟ್ಟಿಲ ಪಕ್ಕ ಕೂರುತ್ತಾರೆ. ಮಗು ಅತ್ತರೆ, "ಅಮ್ಮಾ, ಸಂಪರ್ಕ ಬಂತು," ಅಂತ ಸೊಸೆಯನ್ನು ಕೂಗುತ್ತಾರೆ. ಹಾಲು ಕುಡಿಸಿ ಕೊಟ್ಟರೆ ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಾರೆ, ತೇಗು ಬಂದರೆ ಪೈಪಿನ ಗಾಳಿ ಬಿಟ್ಟಿತು ಅಂತ ಬರೆದುಕೊಳ್ಳುತ್ತಾರೆ. ಬಟ್ಟೆ ಬದಲಾಯಿಸೋದೂ ಈಗ ಅವರಿಗೆ ಬರುತ್ತದೆ. ಸೊಸೆ ಮಧ್ಯಾಹ್ನ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಪಕ್ಕದ ಮನೆಯವಳಿಗೆ ಈಗ ಐದು ತಿಂಗಳು. ತನಗೆ ಇನ್ನೂ ನೋಟಿಸು ಬಂದಿಲ್ಲವಲ್ಲ ಅಂತ ನಿನ್ನೆ ನೀರಿನ ಕಚೇರಿಗೆ ಹೋಗಿ ಜಗಳ ಆಡಿ ಬಂದಿದ್ದಾಳೆ.