ಅತ್ತೆಗೆ ರಮ್ಮಿಯ ಕಾನೂನು ಹೇಳಿದ್ದು

ತಕರಾರು ಬಗೆಹರಿಸುವುದರಲ್ಲಿ ನನ್ನದು ಎತ್ತಿದ ಕೈ. ಹೈದರಾಬಾದಿನಲ್ಲಿ ವಾರಕ್ಕೊಂದು ಸಾಫ್ಟ್‌ವೇರ್ ಕಂಪನಿ ತೆರೆಯುತ್ತಿದ್ದ ಕಾಲ. ನಮ್ಮ ಆಫೀಸಿನಲ್ಲಿ ಯಾರು ಜಗಳವಾಡಿದರೂ ನಾನೊಂದು ನಿಯಮಾವಳಿ ಬರೆದು ಎಲ್ಲರಿಗೂ ಮೇಲ್ ಮಾಡುತ್ತಿದ್ದೆ. ಜಗಳ ನಿಲ್ಲುತ್ತಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು!

ಒಂದು ಭಾನುವಾರ ಮಧ್ಯಾಹ್ನ, ಮಣಿಕೊಂಡದ ನಮ್ಮ ಫ್ಲ್ಯಾಟಿನಲ್ಲಿ ಒಂಬತ್ತು ತಿಂಗಳ ಮಗಳು ಮಲಗಿದ್ದಳು. ನಾನು, ಹೆಂಡತಿ ಗಿರಿಜಾ, ಕೊಪ್ಪಳದಿಂದ ಬಂದಿದ್ದ ಅತ್ತೆ, ಮೂವರೂ ಚಾಪೆ ಹಾಸಿ ರಮ್ಮಿಗೆ ಕೂತೆವು. ಮರುದಿನ ಗಿರಿಜಾ ಹೊಸ ಕೆಲಸಕ್ಕೆ ಸೇರುವವಳಿದ್ದಳು. ಮಗು ನೋಡಿಕೊಳ್ಳಲೆಂದೇ ಅತ್ತೆ ಬಂದಿದ್ದರು. ಅವರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಇಷ್ಟು ಗೊತ್ತಿದ್ದೂ ನಾನು ಬಾಯಿ ತೆರೆದೆ.

ಅತ್ತೆ ಎಲೆಗಳನ್ನು ಬಿಚ್ಚಿಟ್ಟು "ಆತು ನಂದು!" ಎಂದರು. ನೋಡಿದರೆ ರಾಜ, ಎಕ್ಕ, ಎರಡು ಒಂದೇ ಸಾಲಿನಲ್ಲಿ! ಎಕ್ಕ ರಾಜನ ಜೊತೆ ಕೂರಬಹುದು, ಇಲ್ಲವೇ ಎರಡರ ಜೊತೆ, ನಡುವೆ ನಿಂತು ಇಬ್ಬರನ್ನೂ ಬೆಸೆಯುವಂತಿಲ್ಲ.

"ಅತ್ತಿಯವರ, ಇದು ನಡಿಯೂದಿಲ್ರಿ."

"ಯಾಕ? ರಾಜನ ಮುಂದ ಎಕ್ಕ ಬರ್ತೈತೋ ಇಲ್ಲೋ?"

"ಬರ್ತೈತ್ರಿ."

"ಎಕ್ಕದ ಮುಂದ ಎರಡು?"

"ಅದೂ ಬರ್ತೈತ್ರಿ. ಆದ್ರ..."

"ಮತ್ತ ಮೂರೂ ಕೂಡಿ ಬಂದ್ರ ನಿಮಗೇನು ತ್ರಾಸು?"

ವಾದದಲ್ಲಿ ಸೋತಾಗ ನಾನು ಕಂಪ್ಯೂಟರ್ ಮುಂದೆ ಕೂರುವವನು. ಹದಿನೈದೇ ನಿಮಿಷದಲ್ಲಿ 'ಗೃಹ ರಮ್ಮಿ ನಿಯಮಾವಳಿ, ಮೊದಲ ಆವೃತ್ತಿ' ಪ್ರಿಂಟಾಗಿ ಬಂತು. ಕೆಳಗೆ ಮೂವರ ಸಹಿಗೂ ಜಾಗ ಬಿಟ್ಟಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನಾನು ಬರೆದದ್ದನ್ನು ಪೂರ್ತಿ ಓದಿದ ಮೊದಲ ವ್ಯಕ್ತಿ ಅವರೇ!

"ಗಿರಿಜಾ, ನಲವತ್ತು ವರ್ಷ ಆಡೀನಿ. ಇಲ್ಲಿ ಸಹಿ ಮಾಡಿ ಆಡಬೇಕಂತ! ನನ್ನ ಬ್ಯಾಗ್ ಎಲ್ಲೈತಿ? ಬೇಗಂಪೇಟೆ ಸ್ಟೇಷನ್ನಿಗೆ ಬಿಡ್ರಿ ನನ್ನ."

ಅತ್ತೆ ಕಪಾಟಿನ ಸೀರೆಗಳನ್ನು ಬ್ಯಾಗಿಗೆ ತುಂಬತೊಡಗಿದಾಗ ಗಿರಿಜಾ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. "ಅವ್ವ ಹೋದ್ಲಂದ್ರ ನನ್ನ ಕೆಲಸ ಹೋತು. ಎರಡು ವರ್ಷ ಕಾದೀನ್ರಿ ಇದಕ್ಕ! ಹೆಂಗರ ಮಾಡಿ ಸೋಲ್ರಿ. ಬೇಕಂತ ಸೋತಂಗ ಮಾತ್ರ ಕಾಣಬಾರ್ದು." ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ನಿಯಮಾವಳಿಯನ್ನು ಹರಿದುಹಾಕಿ, ಕೈಮುಗಿದು, ಅತ್ತೆಯನ್ನು ಇನ್ನೊಂದೇ ಒಂದು ಆಟಕ್ಕೆ ಕೂರಿಸಿದೆ. ಸೋಲುವುದೇನು ಮಹಾ? ಜನ್ಮವಿಡೀ ಸೋತವನು ನಾನು! ಆದರೆ ಎಲೆ ಎತ್ತಿ ನೋಡುತ್ತೇನೆ, ಎರಡು ಸಾಲು ಆಗಲೇ ಸಿದ್ಧ! ಜೊತೆಗೆ ಯಾವ ಎಲೆಯ ಬದಲಿಗೂ ಸಲ್ಲುವ ಜೋಕರ್ ಬೇರೆ! ಸಾಲು ಮುರಿದು ಏಳನ್ನು ಎಸೆದೆ. ಇನ್ನೊಂದು ಏಳು ಬಂತು. ರಾಣಿಯನ್ನು ಬಿಟ್ಟೆ, ಗುಲಾಮ ಬಂದು ಮತ್ತೊಂದು ಸಾಲು ಕೂಡಿಸಿದ. ದಾರಿ ಕಾಣದೆ ಜೋಕರನ್ನೇ ಎಸೆದುಬಿಟ್ಟೆ.

ಅತ್ತೆ ಜೋಕರನ್ನು ನೋಡಿದರು. ನನ್ನನ್ನು ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡೆ.

"ಗಿರಿಜಾ, ಇವರು ಜೋಕರ್ ಒಗದ್ರು," ಎಂದರು ಮೆಲ್ಲಗೆ. "ಪಾಪ, ಆಟಾನ ಬರೂದಿಲ್ಲ. ಅದಕ್ಕ ಎಲ್ಲಾ ಹಾಳ್ಯಾಗ ಬರಕೊಂಡು ಕುಂತಾರ."

ಗಿರಿಜಾ ಮುಖ ತಿರುಗಿಸಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

"ನೀ ಆಫೀಸಿಗೆ ಹೋದ್ರ, ಇಂಥವರ ಕೈಯಾಗ ಕೂಸು ಬಿಟ್ಟು ನಾ ಹೆಂಗ ಹೋಗ್ಲಿ?" ಎನ್ನುತ್ತಾ ಅತ್ತೆ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟರು.

ಅಬ್ಬಾ! ಹೋದ ಜೀವ ಬಂದಂತಾಯಿತು. ಬೇಕೆಂದೇ ಎಸೆದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಹೇಳಿದರೆ ಸೀರೆಗಳು ಮತ್ತೆ ಬ್ಯಾಗಿಗೆ!

"ಬರ್ರಿ ಇಲ್ಲೆ," ಎಂದರು ಅತ್ತೆ. "ಮೊದಲು ಯಾವುದು ರಾಜ, ಯಾವುದು ಗುಲಾಮ, ಅಷ್ಟರ ಕಲೀರಿ."

ಕಾಲೇಜಿನ ದಿನಗಳಿಂದ ರಮ್ಮಿ ಆಡುತ್ತಿದ್ದ ನಾನು, ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದಾಗಿ ಗುರುತಿಸಿದೆ. ಒಂದು ತಪ್ಪಿತು!