ಮನೆಯವರ ಹೆಸರು ಮತ್ತು ಪಾಸ್‌ವರ್ಡು

ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುವವರು ನಮ್ಮ ಕಡೆಯವರಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ ಇಡೀ ಬಾಳುವೆ ಮಾಡಿದವರು ನಾವು. ಮದುವೆಯಲ್ಲೋ ಬಸುರಿಯ ಕುಬಸದ ಕಾರ್ಯದಲ್ಲೋ ಒಂದು ಪ್ರಾಸದ ಒಡಪು ಕಟ್ಟಿ, ಅದರ ಬಾಲಕ್ಕೆ ಹೆಸರು ಸೇರಿಸಿ ಗಡಬಡಿಸಿ ಹೇಳಿದರೆ ಮುಗಿಯಿತು. ಉಳಿದಂತೆ ಅವರು ‘ಮನಿಯವರು’. ರೇಷನ್ ಅಂಗಡಿಯವನೋ ಪೋಸ್ಟಿನವನೋ ಯಜಮಾನರ ಹೆಸರು ಕೇಳಿದರೆ ನಾನು ಯಾವುದಾದರೂ ಹುಡುಗಿಯನ್ನು ಕರೆದು, ‘ನಮ್ಮ ಮನಿಯವರ ಹೆಸರ ಹೇಳವಾ ಇವರಿಗೆ’ ಎನ್ನುತ್ತಿದ್ದೆ. ಹುಡುಗಿಯರಿಗೆ ಕೊರತೆ ಇರಲಿಲ್ಲ. ಬೈಲಹೊಂಗಲದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಮನಿಯವರು ತೀರಿಕೊಂಡ ಮರುವರ್ಷ ಹಾಸ್ಟೆಲಿಗೆ ಕಂಪ್ಯೂಟರ್ ಬಂತು. ಎಲ್ಲರಿಗೂ ಒಂದೊಂದು ಇಮೇಲ್ ಮಾಡಿಕೊಟ್ಟ ಮಾಸ್ತರರು, ‘ಪಾಸ್‌ವರ್ಡ್ ಯಾರ ಮುಂದೂ ಹೇಳಬಾರದ್ರಿ. ಹುಡುಗ್ಯಾರಿಗೆ ಕಲಸೂದು ನಿಮ್ಮ ಜವಾಬ್ದಾರಿ’ ಎಂದು ನನಗೆ ವಹಿಸಿ ಹೋದರು. ಮ್ಯಾಟ್ರಿಕ್‌ವರೆಗೆ ಓದಿದ ನನಗೆ ಕಂಪ್ಯೂಟರಿನಲ್ಲಿ ಬರುತ್ತಿದ್ದುದು ಇದೊಂದೇ ಪಾಠ. ಜನ್ಮದಲ್ಲಿ ನನ್ನ ಬಾಯಿಂದ ಹೊರಡದ ಮಾತು ಯಾವುದೆಂದು ಯೋಚಿಸಿ, ಅವರ ಹೆಸರನ್ನೇ ಇಟ್ಟೆ. ಖರೆ ಹೇಳಬೇಕೆಂದರೆ, ಅವರಿಲ್ಲದ ದಿನಗಳಲ್ಲಿ ಆ ಹೆಸರನ್ನು ಬೆಳಿಗ್ಗೆ ಒಮ್ಮೆ ಬೆರಳಿನಿಂದಾದರೂ ಮುಟ್ಟುವುದು ಸಮಾಧಾನ ಕೊಡುತ್ತಿತ್ತು.

ಹುಡುಗಿಯರು ಮಾತ್ರ ಪಾಸ್‌ವರ್ಡನ್ನು ರಿಬ್ಬನ್, ಶೇಂಗಾ ಚಟ್ನಿಯಂತೆ ಹಂಚಿಕೊಂಡರು. ದೊಡವಾಡದ ಗಂಗವ್ವ ಒಂದು ದಿನ ಚೇಷ್ಟೆಗೆಂದು ತೊರಗಲ್ಲಿನ ರೇಷ್ಮಾಳ ಇಮೇಲಿನಿಂದ ಅವಳ ಅಣ್ಣನಿಗೆ, ‘ಇಲ್ಲಿ ಇರಾಕ ಆಗವಲ್ದು, ಬಂದು ಕರಕೊಂಡು ಹೋಗು’ ಎಂದು ಬರೆದಳು. ಅಣ್ಣ ದಸ್ತಗೀರನದು ರಾಮದುರ್ಗದಲ್ಲಿ ಇಂಟರ್ನೆಟ್ ಅಂಗಡಿ. ಓದಿದವನೇ ಬಸ್ ಹತ್ತಿ ಬಂದು ತಂಗಿಯ ಟ್ರಂಕನ್ನು ಬಾಗಿಲಿಗೆ ತರಿಸಿದ.

‘ಅದನ್ನ ನಾ ಬರದಿಲ್ಲ ಭಾಯಿ’ ಎಂದು ರೇಷ್ಮಾ ಅತ್ತಳು. ಗಂಗವ್ವ ತಪ್ಪೊಪ್ಪಿಕೊಂಡು ಎರಡೂ ಕಿವಿ ಹಿಡಿದು ನಿಂತಳು.

‘ನೀ ಬರದಿಲ್ಲಂದ್ರ ನನಗ ಇನ್ನೂ ಹೆದರಿಕಿ’ ಎಂದ ದಸ್ತಗೀರ. ‘ನಾಳೆ ನಿನ್ನ ಹೆಸರಲೆ ಯಾರಿಗೆ ಏನ ಬರೀತಾರೊ. ನಡಿ ಮನಿಗೆ.’

ಒಮ್ಮೆ ಮನೆಗೆ ಹೋದರೆ ಅವಳ ಓದು ಅಲ್ಲಿಗೇ ಮುಗಿಯುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ನಡುವೆ ಬಂದೆ. ‘ಇನ್ನ ಮುಂದ ಹಂಗಾಗಂಗಿಲ್ಲಪಾ. ನಾ ಕಲಸತೇನಿ. ನನ್ನ ಪಾಸ್‌ವರ್ಡ್ ನೋಡ, ಇಲ್ಲಿ ಒಬ್ಬಾಕಿಗೂ ಗೊತ್ತಿಲ್ಲ.’

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಗಂಗವ್ವ ಕಿವಿ ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತು ಟಕಟಕ ಒತ್ತಿದಳು. ನನ್ನ ಇಮೇಲ್ ತೆರೆದುಕೊಂಡಿತು.

‘ಹೆಂಗ ಗೊತ್ತಾತ ನಿನಗ?’

‘ಅಕ್ಕಾರ, ನೀವು ಬಾಯಿಲೆ ಹೇಳಲಾರದ್ದು ಅದೊಂದ ಹೆಸರಲ್ರೀ. ಅದನ್ನ ಊರಿಗೆಲ್ಲಾ ಹೇಳಾಕ ನಮ್ಮನ್ನ ಇಟ್ಟೀರಿ.’

ದಸ್ತಗೀರ ನಗು ತಡೆಯಲಾಗದೆ ಟ್ರಂಕಿನ ಮೇಲೆ ಕುಳಿತುಬಿಟ್ಟ. ‘ಕಲಸಾವರ ಹಿಂಗಾದ್ರ ಕಲಿಯಾವರದೇನ ತಪ್ಪ್ರಿ’ ಎಂದ. ಆಮೇಲೆ ಕಣ್ಣೊರೆಸಿಕೊಂಡು, ‘ಎಲ್ಲಾರೂ ಈಗಿಂದೀಗ ಬದಲ ಮಾಡ್ರಿ. ಮೊದಲ ನೀವ. ಆಮ್ಯಾಲ ಟ್ರಂಕ್ ತಿರುಗಿ ಒಳಗ ಇಡತೇನಿ’ ಎಂದ.

ಹೊಸದನ್ನು ಇಡುವ ಮೊದಲು ಹಳೆಯದನ್ನು ಒಮ್ಮೆ ಬರೆಯಬೇಕಂತೆ. ಬರೆದೆ. ಪರದೆಯ ಮೇಲೆ ಬರೀ ಚುಕ್ಕಿಗಳು ಮೂಡಿದವು. ಅವರ ಹೆಸರು ಹೇಳಲು ಕಂಪ್ಯೂಟರಿಗೂ ಸಂಕೋಚ. ಚುಕ್ಕಿಗಳನ್ನು ಬೆರಳಿಟ್ಟು ಎಣಿಸಿದೆ. ಹುಡುಗಿಯರು ಅವಸರ ಮಾಡಲಿಲ್ಲ. ಬಳಿಕ ಅವರನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಒಂದೊಂದೇ ಅಕ್ಷರ ಹುಡುಕಿ ಹೊಸದನ್ನು ಒತ್ತತೊಡಗಿದೆ. ಗೋಡೆಯ ಕಡೆಯಿಂದ ಕಿಸಿಕಿಸಿ ಕೇಳಿಸಿತು.

‘ಸಿಟ್ಟಾಗಬ್ಯಾಡ್ರಿ ಅಕ್ಕಾರ’ ಎಂದಳು ರೇಷ್ಮಾ, ತಿರುಗದೆಯೇ. ‘ನೀವು ಒಂದೊಂದ ಅಕ್ಷರಾ ಬಾಯಿಲೆ ಒದರಿಕೋತ ಒತ್ತಾಕ ಹತ್ತೀರಿ.’

ಅಳಿಸಿ ಮತ್ತೆ ಮೊದಲಿನಿಂದ ಕುಳಿತೆ. ಈ ಸಲ ಪಾಠ ಹೇಳಿಕೊಟ್ಟವಳು ರೇಷ್ಮಾ. ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಕಲಿತವಳು ನಾನು.